ಷೇರುದಾರರ ಕೊನೆಯ ಸಭೆ

“ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಬಹುದು” ಎಂದು ಕಂಪನಿ ಕಾರ್ಯದರ್ಶಿ ಸುಭಾಷ ಮೈಕಿನಲ್ಲಿ ಹೇಳಿ ಮುಗಿಸುವ ಮೊದಲೇ ಹಿಂದಿನ ಸಾಲಿನಲ್ಲಿ ಕಮಲಿಬಾಯಿ ಎದ್ದು ನಿಂತಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತಿದ್ದ ಷೇರುದಾರರೆಲ್ಲ ನಕ್ಕರು. ಹಳಿಯಾಳದ ಕಾನೇರಿ ಪ್ಲೈವುಡ್ಸ್ ಕಂಪನಿಯ ವಾರ್ಷಿಕ ಸಭೆಯಲ್ಲಿ ಅವಳು ಪ್ರತಿ ವರ್ಷ ಏಳುತ್ತಾಳೆ, ಒಂದೇ ಪ್ರಶ್ನೆ ಕೇಳುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು.

“ನಮ್ಮ ತಾಂಡಾದ ಕಡೆ ಗೋಡ್ಯಾಗ ಬಾಗಲಾ ಯಾವಾಗ ಇಡ್ತೀರಿ?”

“ಬಾಯಿ, ಮೊದಲ ಉಪ್ಪಿಟ್ಟು ತಿನ್ನೂಣು, ಆಮ್ಯಾಲೆ ಬಾಗಲಾ!” ಕಿರಾಣಿ ಅಂಗಡಿಯ ಗೂಳಪ್ಪ ಮುಂದಿನ ಸಾಲಿನಿಂದ ಕೂಗಿದ.

“ನೀ ತಿನ್ನಾಕ ಬಂದಿ, ತಿನ್ನು. ನಾ ಕೇಳಾಕ ಬಂದೇನಿ.”

ಕಟ್ಟಿಗೆ ಅಂಗಳ ದೊಡ್ಡದು ಮಾಡಿದಾಗ ಕಟ್ಟಿದ ಗೋಡೆ ತಾಂಡಾದಿಂದ ಶಾಲೆಗೆ ಹೋಗುವ ಕಾಲುದಾರಿಯನ್ನು ನುಂಗಿಹಾಕಿತ್ತು. ಅಂದಿನಿಂದ ಮಕ್ಕಳು ಲಾರಿಗಳು ಓಡುವ ದಾಂಡೇಲಿ ರಸ್ತೆಯಲ್ಲೇ ಸುತ್ತಿ ಹೋಗಬೇಕು. ಕಮಲಿಬಾಯಿಯ ಗಂಡ ಭೀಮಸಿಂಗ್ ಅದೇ ಅಂಗಳದಲ್ಲಿ ದಿಮ್ಮಿ ಹೊರುತ್ತಿದ್ದ. ಕಾರ್ಮಿಕರ ಪಾಲಿಗೆಂದು ಅವನಿಗೆ ಸಿಕ್ಕ ಐವತ್ತು ಷೇರು ಅವನು ತೀರಿಕೊಂಡ ಮೇಲೆ ಇವಳ ಹೆಸರಿಗೆ ಬಂದಿದ್ದವು. ಆ ಷೇರಿನಿಂದಾಗಿಯೇ ವರ್ಷಕ್ಕೊಮ್ಮೆ ಗೇಟಿನ ಕಾವಲುಗಾರ ಅವಳನ್ನು ತಡೆಯುತ್ತಿರಲಿಲ್ಲ.

ಹಿಂದಿನ ಅಧ್ಯಕ್ಷರಾಗಿದ್ದರೆ “ನೋಡೋಣ” ಎನ್ನುತ್ತಿದ್ದರು. ಈ ಸಲ ವೇದಿಕೆಯ ಮೇಲಿದ್ದವರು ಕಂಪನಿಯನ್ನು ಕೊಂಡ ಮುಂಬೈಯ ಸಾಹೇಬರು. ಅವರು ಸುಭಾಷನ ಕಡೆ ಬಾಗಿ ಏನೆಂದು ಕೇಳಿದರು, ಮುಗುಳ್ನಕ್ಕರು, ಹಿಂದಿಯಲ್ಲಿ ಎರಡು ಮಾತು ಹೇಳಿದರು. ಸುಭಾಷ ಅದನ್ನು ಕನ್ನಡದಲ್ಲಿ ಹೇಳಿದ. ಕಂಪನಿಯ ಹೆಸರು ಇನ್ನು ಷೇರುಪೇಟೆಯಲ್ಲಿ ಇರುವುದಿಲ್ಲ. ಎಲ್ಲರ ಷೇರನ್ನೂ ಒಳ್ಳೆಯ ಬೆಲೆಗೆ ಅವರೇ ಕೊಳ್ಳುತ್ತಾರೆ. ಕಚೇರಿಯೂ ಮುಂಬೈಗೆ ಹೋಗುವುದರಿಂದ ಮುಂದಿನ ವರ್ಷದಿಂದ ಯಾರೂ ಸಭೆಗೆ ಬರುವ ತೊಂದರೆ ತೆಗೆದುಕೊಳ್ಳಬೇಕಿಲ್ಲ. ಬಾಗಿಲಿನ ಮಾತು ಅದರಲ್ಲಿ ಇರಲಿಲ್ಲ. ಠರಾವಿಗೆ ಎಲ್ಲರ ಕೈ ಮೇಲೆದ್ದವು. ಕಮಲಿಬಾಯಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು.

“ಊರಿನ ಸಣ್ಣ ಷೇರುದಾರರ ಸಹಿ ಇವತ್ತೇ ಆಗಬೇಕು. ಒಬ್ಬರು ಉಳಿದರೂ ವರ್ಷವರ್ಷ ತಲೆನೋವು” ಎಂದು ಸಾಹೇಬರು ಹೋಗುವಾಗ ಸುಭಾಷನಿಗೆ ಹೇಳಿದ್ದರು. ಉಪ್ಪಿಟ್ಟಿನ ಪಂಕ್ತಿ ಮುಗಿಯುವ ಹೊತ್ತಿಗೆ ಒಂದೇ ಸಹಿ ಬಾಕಿ ಇತ್ತು. ಸುಭಾಷ ಫಾರಂ ಹಿಡಿದು ಹೊರಗೆ ಬಂದಾಗ ಕಮಲಿಬಾಯಿ ಅದೇ ಗೋಡೆಯ ನೆರಳಿನಲ್ಲಿ ನಿಂತಿದ್ದಳು.

“ಬಾಯಿ, ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡ್ರಿ. ಇನ್ನ ಈ ಷೇರು ಇಟ್ಕೊಂಡು ಉಪಯೋಗಿಲ್ಲ. ಪೇಟ್ಯಾಗ ಮಾರಾಕ ಬರೂದಿಲ್ಲ.”

“ನಾ ಯಾವಾಗ ಮಾರಾಕ ಹೋಗಿದ್ನಿ ಸಾಹೇಬ್ರ?”

“ಹಂಗಲ್ಲ. ಸಭೆ ಮುಂಬೈಯಾಗ ಆಗ್ತೈತಿ. ಅಲ್ಲೀ ತನಕಾ ಹೋಗಿ ಕೇಳ್ತೀರೇನು?”

ಅವಳು ಗೋಡೆಯ ಕಡೆ ತಿರುಗಿದಳು. “ಹಂಗಾರ ಬಾಗಲಾ ಯಾರಿಗೆ ಕೇಳೂದು?”

ಸುಭಾಷ ಕೈಯಲ್ಲಿದ್ದ ಫಾರಂ ನೋಡಿದ. ಇಷ್ಟು ವರ್ಷ ಅವನು ಷೇರುಪೇಟೆಗೆ ಕಳಿಸಬೇಕಾದ ಕಾಗದಗಳನ್ನು ಒಂದು ದಿನವೂ ತಡಮಾಡದೆ ಕಳಿಸಿದ್ದ. ಲಾಭ, ನಷ್ಟ, ಯಾರ ಕೈಯಲ್ಲಿ ಎಷ್ಟು ಷೇರು, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಇವಳ ಪ್ರಶ್ನೆಯನ್ನು ಬರೆಯುವ ಜಾಗ ಇತ್ತೇ, ತಾನೇ ಹುಡುಕಲಿಲ್ಲವೇ ಎಂದು ಈಗ ಅನುಮಾನವಾಯಿತು.

“ಷೇರು ಅಂದ್ರ ಪಾಲು ಅಂತ ನಮ್ಮವ್ರಿಗೆ ನೀವ ಹೇಳಿದ್ರಿ. ಹೌದಲ್ಲ?”

“ಹೌದು ಬಾಯಿ.”

“ಮಷೀನ್ದಾಗ ಪಾಲು, ಕಟಗ್ಯಾಗ ಪಾಲು. ಗೋಡ್ಯಾಗ?”

ಷೇರುದಾರನಿಗೆ ಕಂಪನಿಯ ಆಸ್ತಿಯ ಮೇಲೆ ನೇರ ಹಕ್ಕಿಲ್ಲ ಎಂಬುದು ಸುಭಾಷನಿಗೆ ಗೊತ್ತಿತ್ತು. ಅದನ್ನೇ ಹೇಳಬೇಕೆಂದು ಬಾಯಿ ತೆರೆದ, ಆದರೆ ಹೊರಗೆ ಬಂದ ಮಾತು ಬೇರೆಯಾಗಿತ್ತು. “ಬರೇ ಲೆಕ್ಕಕ್ಕ ಐತಿ ಅನ್ನಬಹುದು. ಆದ್ರ ಒಡದು ಒಯ್ಯಾಕ ಬರೂದಿಲ್ಲ.”

“ಒಯ್ಯೂದು ಬ್ಯಾಡ. ನನ್ನ ಪಾಲಿಗೆ ಎಷ್ಟು ಬರ್ತೈತಿ ಹೇಳ್ರಿ.”

ಹೇಳದೆ ಹೋಗಬಹುದಿತ್ತು. ಆದರೆ ಕೇಳಿದ ಲೆಕ್ಕವನ್ನು ಹೇಳದೆ ಹೋಗುವುದು ಅವನಿಂದ ಆಗಲಿಲ್ಲ. ಕ್ಯಾಲ್ಕುಲೇಟರ್ ತೆಗೆದು ಒಟ್ಟು ಷೇರುಗಳನ್ನೂ ಗೋಡೆಯ ಉದ್ದವನ್ನೂ ಒತ್ತಿದ. ಸೊನ್ನೆ ಎಲ್ಲೋ ತಪ್ಪಿರಬೇಕು ಎಂದು ಮತ್ತೊಮ್ಮೆ ಒತ್ತಿದ. ತಪ್ಪಿರಲಿಲ್ಲ. ಸಂಕೋಚದಿಂದ ತೋರುಬೆರಳನ್ನು ಎತ್ತಿ ತೋರಿಸಿದ.

“ಒಂದು ಬೆರಳಿನಷ್ಟು ಅಗಲ ಬಾಯಿ. ಅಷ್ಟ.”

ಅವಳು ನಗುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದ. ಕಮಲಿಬಾಯಿ ತನ್ನ ಬೆರಳನ್ನು ಇಟ್ಟಿಗೆಯ ಮೇಲೆ ಇಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ಫಾರಂ ಮಡಚಿ ಅವನ ಅಂಗಿಯ ಕಿಸೆಯಲ್ಲಿ ತುರುಕಿದಳು.

“ಷೇರು ನಂಗ ಇರಲಿ.”

“ಒಂದು ಬೆರಳಿನ ಗೋಡಿ ತಗೊಂಡು ಏನ್ ಮಾಡ್ತೀರಿ ಬಾಯಿ?”

“ನನ್ನ ಪಾಲಿನಷ್ಟು ಒಂದು ತೂತು ಕೊರೀತೇನಿ” ಎಂದಳು ಕಮಲಿಬಾಯಿ, ಶಾಲೆಯ ಕಡೆ ಮುಖ ಮಾಡಿ. “ಗೋಡ್ಯಾಗ ತೂತು ಕಂಡ್ರ ಹುಡುಗೂರು ಸುಮ್ಮ ಕುಂದರ್ತಾವೇನ್ರಿ?”