ನೀಲವ್ವನ ಬೈಗುಳ ಮಾರಾಟಕ್ಕಿಲ್ಲ

ಗ್ರಾಹಕರ ಸಂಘ ಹೋರಾಡಿ ಗೆದ್ದ ಮೇಲೆ, ಮನೆಯೊಳಗಿನ ಮಾತು ಬೇಕೆನ್ನುವ ಫೋನ್ ಕಂಪನಿಯವರು ಅದನ್ನು ಕದ್ದು ಕೇಳುವಂತಿರಲಿಲ್ಲ, ಹೊಸ್ತಿಲಾಚೆ ನಿಂತು ಬಾಯಿಬಿಟ್ಟು ಕೇಳಬೇಕಿತ್ತು. ಹುಬ್ಬಳ್ಳಿಯ ನೀಲವ್ವನ ಬಾಗಿಲಿಗೆ ಬಂದವರ ಸಾಲು ಧಾರವಾಡವನ್ನೂ ದಾಟಿತ್ತು.

"ಅಕ್ಕಾರ, ರೊಟ್ಟಿ ಬಡಿಯುವಾಗ ನೀವಾಡೋ ಮಾತು ಕೊಡ್ರಿ, ನಮ್ಮ ಫೋನಿಗೆ ಕಲಿಸ್ತೀವಿ. ಏಳು ತಲಿಮಾರಿಗೆ ಇಂಟರ್ನೆಟ್ ಪುಕ್ಕಟೆ!" ಎಂದ ಮೊದಲಿನವನು.

ಗಂಡ ಈರಪ್ಪನ ಕಣ್ಣು ಗಂಗಾಳದಷ್ಟಾದವು. "ಕೊಟ್ಟಬಿಡ, ಅದರಾಗ ಏನೈತಿ?"

"ನಿಮ್ಮನ್ನ ಬೈದಿದ್ದ ಐತ್ರಿ. ನಾಳಿಂದ ಊರವರ ಫೋನೆಲ್ಲಾ ಅದನ್ನ ಒದರತಾವು," ಎಂದಳು ನೀಲವ್ವ.

ಈರಪ್ಪ ಆಕಾಶ ಅದುರುವಂತೆ ಕೆಮ್ಮಿ, ಬಾಗಿಲಿಗೆ ಅಡ್ಡ ನಿಂತ. "ಇಲ್ರೀ ಸಾಹೇಬ್ರ, ಅವು ನನಗಷ್ಟ ಮೀಸಲು. ನಡೀರಿ!"

ನೀಲವ್ವ ಬಿಸಿ ರೊಟ್ಟಿಯ ಮೇಲೆ ಬೆಟ್ಟದಷ್ಟು ಬೆಣ್ಣೆಯಿಟ್ಟು ಗಂಡನನ್ನು ಒಳಗೆ ಕರೆದಳು. ಇರುವೆಗೂ ಕೇಳಿಸದಂತೆ, ಅವನ ಕಿವಿಯಲ್ಲಿ ಹೊಚ್ಚಹೊಸದೊಂದು ಬೈದಳು.