ವಿಭೂತಿ ಕಲ್ಲು

“ಹುಷಾರ್ರೀ! ಪಾಚಿ ಐತೆ, ಜಾರ್ತೀರಿ!” ಎಂದು ನಿರ್ಮಲಮ್ಮ ಮೇಲಿನಿಂದ ಕೂಗಿದಳು. “ಹಾಳಾದ್ದು ಪಾಚಿ” ಎಂದು ಬೈದುಕೊಳ್ಳುತ್ತಲೇ ಕೆಂಚವೀರಪ್ಪ ಹರಿಹರದ ಹೊಳೆಯ ಮೆಟ್ಟಿಲು ಇಳಿದ. ಎದೆಗವಚಿಕೊಂಡಿದ್ದ ಟವೆಲ್ಲಿನ ಗಂಟಿನಲ್ಲಿ ಎರಡು ಹೋಳಾದ ಕಲ್ಲಿತ್ತು. ಅದನ್ನು ಹೊಳೆಗೆ ಬಿಟ್ಟ ಮೇಲೇ ಅವನಿಗೆ ಊಟ.

ಆದದ್ದಿಷ್ಟು. ಮೊನ್ನೆ ಮಾಯಕೊಂಡದ ಹೊಲದಲ್ಲಿ ಬದುವಿಗೆ ಅಡ್ಡ ಬಂದ ಕಲ್ಲಿಗೆ ಹಾರೆ ಹಾಕಿದ್ದ. ಕಲ್ಲು ಎರಡಾಗಿ ಬಿತ್ತು. ಒಡೆದ ಮೈಯಲ್ಲಿ ಅಡ್ಡಕ್ಕೆ ಮೂರು ಬಿಳಿ ಪಟ್ಟೆ. ಸಾಕ್ಷಾತ್ ವಿಭೂತಿ! ಕೆಂಚವೀರಪ್ಪ ಹಾರೆ ಬಿಸುಟು ಕೈ ಮುಗಿದ. ಭೂಮಿಯೊಳಗೆ ತಣ್ಣಗೆ ಕುಳಿತಿದ್ದ ಲಿಂಗವನ್ನು ಒಡೆದ ಕೈಯಲ್ಲಿ ಇಷ್ಟಲಿಂಗ ಹಿಡಿಯುವುದು ಹೇಗೆ? ಲಿಂಗಪೂಜೆ ಆಗದೆ ಬಾಯಿಗೆ ತುತ್ತಿಡುವ ಪೈಕಿ ಅಲ್ಲ ಈ ಆಸಾಮಿ. ಪೂಜೆ ನಿಂತಿತು, ಊಟವೂ ನಿಂತಿತು. ನಿನ್ನೆಯೆಲ್ಲ ಬರೀ ನೀರು. ನಿರ್ಮಲಮ್ಮ ಅತ್ತಳು, ಬೈದಳು, ತಾನೂ ಉಪವಾಸ ಕೂತಳು. ಕಡೆಗೆ ಹೊಳೆಗೆ ಬಿಟ್ಟರೆ ದೋಷ ಕಳೆದೀತೆಂದು ಒಪ್ಪಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೊರಡಿಸಿದ್ದಳು.

ಎಸ್.ಎಸ್. ಬಡಾವಣೆಯಲ್ಲಿ ಅವರ ಪಕ್ಕದ ಮನೆಯ ನುಜತ್ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುವವಳು. ಹರಿಹರದ ತವರಿಗೆ ಹೊರಟಿದ್ದವಳು ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ಗಂಟಿನಲ್ಲೇನಿದೆ ಎಂದು ಅವಳಿಗೂ ಹೇಳಿರಲಿಲ್ಲ. ಲಿಂಗ ಒಡೆದ ಸುದ್ದಿಯನ್ನು ಯಾರಾದರೂ ಸಾರಿಕೊಂಡು ತಿರುಗುತ್ತಾರೆಯೇ?

ಕೆಂಚವೀರಪ್ಪ ಗಂಟು ಬಿಚ್ಚಿದ್ದೇ ತಡ, ಮೇಲಿನಿಂದಲೇ ಕಲ್ಲಿನ ಪಟ್ಟೆ ಕಂಡ ನುಜತ್ ಚಪ್ಪಲಿ ಬಿಟ್ಟು ದಡದಡನೆ ಇಳಿದು ಬಂದಳು.

“ಅಂಕಲ್, ಬಿಡಬ್ಯಾಡ್ರಿ! ಇಲ್ಲಿ ಕೊಡ್ರಿ, ಒಂದ್ ನಿಮಿಷ.”

“ಯವ್ವಾ, ನೀ ಸುಮ್ಕಿರು” ಎಂದು ನಿರ್ಮಲಮ್ಮ ಗದರಿದಳು. “ಲಿಂಗ ಒಡೆದೀನಿ ಅಂತ ಮೊನ್ನೆಯಿಂದ ಉಪವಾಸ ಕುಂತಾರೆ. ಅದನ್ನ ಬಿಟ್ಟು ಬಂದು ಒಂದ್ ತುತ್ತು ಉಣ್ಲಿ.”

ಗುಟ್ಟು ಬಯಲಾಯಿತು. ಕೆಂಚವೀರಪ್ಪ ತಲೆ ತಗ್ಗಿಸಿದ. ನುಜತ್ ಒಂದು ಹೋಳನ್ನು ಇಸಿದುಕೊಂಡು ನೀರಿನಲ್ಲಿ ಅದ್ದಿ, ದುಪಟ್ಟಾದಿಂದ ಒರೆಸಿ ಬಿಸಿಲಿಗೆ ಹಿಡಿದಳು.

“ಪಟ್ಟಿ ಎಷ್ಟವೆ ಅಂಕಲ್?”

“ಮೂರು. ಕಾಣ್ತವಲ್ಲವ್ವ, ಎದ್ದು.”

“ಈಗ ಮಣ್ಣು ಹೋಗೈತೆ. ಇನ್ನೊಂದ್ಸಲ ಎಣಿಸ್ರಿ.”

ಎಣಿಸಿದ. ಆ ಮೂರರ ನಡುವೆ ಕೂದಲೆಳೆಯಂಥ ಗೆರೆಗಳಿದ್ದವು. ಉಳ್ಳಾಗಡ್ಡಿ ಹೆಚ್ಚಿದಾಗ ಕಾಣುವ ಹಾಗೆ ಒಂದರ ಮೇಲೊಂದು ಬಾಗಿದ ಪದರ. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದ, ಮತ್ತೆ ತಪ್ಪಿತು.

“ಇದು ಲಿಂಗ ಅಲ್ರಿ, ಅದು ವಿಭೂತಿನೂ ಅಲ್ಲ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ನಿಮ್ಮ ಹೊಲದ ಜಾಗದಾಗೆ ಸಮುದ್ರ ಇತ್ತು. ಅದರಾಗೆ ಬೆಳೆದ ಜೀವ ಕಲ್ಲಾಗೈತೆ. ನಿಮ್ಮ ಕಾಲಡಿ ಜಾರ್ತೈತಲ್ಲ, ಹೆಚ್ಚುಕಮ್ಮಿ ಅಂಥ ಪಾಚಿನೇ. ಮೇಲೆ ಮಣ್ಣು ಕೂತಂಗೆಲ್ಲ ಬಿಸಿಲು ಬೇಕಂತ ಮತ್ತೆ ಮೇಲೆ ಬರೋದು, ಮತ್ತೆ ಮಣ್ಣು ಕೂರೋದು. ಹಂಗೆ ಕಟ್ಟಿದ ಪದರ ಇವು.”

“ನನ್ನ ಸಮಾಧಾನಕ್ಕೆ ಹೇಳ್ತೀಯೇನವ್ವ?”

“ಅಲ್ಲಾನ ಆಣೆ ಅಂಕಲ್! ಇಷ್ಟು ವರ್ಷ ಇದನ್ನ ಪುಸ್ತಕದಾಗೆ ತೋರಿಸಿ ಪಾಠ ಮಾಡೀನಿ. ನಮ್ಮ ಸೀಮೆದನ್ನ ಕೈಯಾಗೆ ಹಿಡಿದಿದ್ದು ಇವತ್ತೇ. ನೀವು ಒಡೆಯದಿದ್ರೆ ಒಳಗೇನೈತೆ ಅಂತ ಯಾರಿಗೆ ಗೊತ್ತಾಗ್ತಿತ್ತು? ನಿಮ್ಮ ಹಾರೆಗೆ ಕೈ ಮುಗೀಬೇಕು.” ಅವಳು ಕಲ್ಲಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. “ಆವಾಗ ಗಾಳಿಯಾಗೆ ಆಕ್ಸಿಜನ್ನೇ ಇರ್ಲಿಲ್ಲ. ಇಂಥವು ಬಿಸಿಲು ತಿಂದು ಬಿಟ್ಟ ಉಸಿರೇ ಕೂಡಿ ಕೂಡಿ ಗಾಳಿ ತುಂಬ್ಕಂತು. ಆಮೇಲೇ ಮೀನು, ದನ, ನಾವು ನೀವು.”

ಕೆಂಚವೀರಪ್ಪ ಎದೆ ತುಂಬ ಗಾಳಿ ಎಳೆದುಕೊಂಡು ಸ್ವಲ್ಪ ಹೊತ್ತು ಹಿಡಿದುಕೊಂಡ.

“ಹಂಗಾರೆ ಈ ಉಸಿರು?”

“ಅದೂ ಈ ಕಲ್ಲಾಗಿರೋರು ಕೊಟ್ಟಿದ್ದೇ, ಅಂಕಲ್.”

ಅವನು ಎರಡನೆಯ ಹೋಳನ್ನೂ ಹುಷಾರಾಗಿ ಅವಳ ಕೈಗಿಟ್ಟ. ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಮೈಯಲ್ಲೇ ಮೆಟ್ಟಿಲ ಮೇಲೆ ಕೂತು ಹಣೆಗೆ ವಿಭೂತಿ ಧರಿಸಿದ. ಕೊರಳಿನ ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟುಕೊಂಡ. ಮೇಲೆ ನಿರ್ಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ನಿನ್ನ ಹೊಟ್ಟೆ ತಣ್ಣಗಿರ್ಲಿ ನನ್ನವ್ವ! ಬಾ, ನೀನೂ ಕೂಡು, ಒಟ್ಟಿಗೇ ಉಣ್ಣಾನ” ಎಂದು ನುಜತ್‌ಳನ್ನು ಕರೆದು ಬುತ್ತಿ ಬಿಚ್ಚಿದಳು. ಎಣ್ಣೆಗಾಯಿಯ ವಾಸನೆ ಕೆಳಗಿನ ತನಕ ಬಂತು.

ಪೂಜೆ ಮುಗಿಸಿ ಎದ್ದು ಒಂದು ಮೆಟ್ಟಿಲು ಹತ್ತಿದ್ದನೋ ಇಲ್ಲವೋ, ಕಾಲು ಸರಕ್ಕನೆ ಜಾರಿತು.

“ನಾ ಬಡ್ಕಳ್ಲಿಲ್ವಾ! ಆ ಹಾಳು ಪಾಚಿ...”

ಕೆಂಚವೀರಪ್ಪ ಸಾವರಿಸಿಕೊಂಡು ನಿಂತ. ಆಮೇಲೆ, ಪುಸ್ತಕಕ್ಕೆ ಕಾಲು ತಾಗಿದರೆ ಮಾಡುವ ಹಾಗೆ, ಬಗ್ಗಿ ಆ ಪಾಚಿಯನ್ನು ಬೆರಳಿನಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡ.

“ಬೈಬ್ಯಾಡ ಕಣೇ,” ಎಂದ. “ದೊಡ್ಡೋರು.”