ಬೇಕಾದವರಿಗೆ

ಗೂಟಕ್ಕೆ ನೇತುಹಾಕಿದ್ದ ಗಂಡನ ಅಂಗಿಯನ್ನು ಮೂಗಿಗೆ ಹಿಡಿದ ಚೆನ್ನವ್ವ ಮುಖ ಸಿಂಡರಿಸಿದಳು. ದಾರೂ ವಾಸನೆಯಲ್ಲ. ಆ ವಾಸನೆಯ ಜೊತೆ ಅರ್ಧ ಆಯುಷ್ಯ ಸಂಸಾರ ಮಾಡಿದವಳು, ಗೋಡೆಯಾಚೆ ಇದ್ದರೂ ಗುರುತು ಹಿಡಿದಾಳು. ಇದು ಏನೋ ಸುಟ್ಟ ವಾಸನೆ. ಕಿಸೆಗೆ ಕೈ ಹಾಕಿದಳು. ಕಾಗದದ ಪುಡಿಕೆ ಸಿಕ್ಕಿತು. ಒಳಗೆ ನುಣ್ಣಗಿನ ಕರೀ ಪುಡಿ.

ಗರ್ದ! ಇಚಲಕರಂಜಿಯ ಓಣಿಗಳಲ್ಲಿ ಹರೆಯದವರು ಆ ನಶೆಯ ಪುಡಿಯನ್ನು ಎಳೆದು ಹಾಳಾಗುತ್ತಿರುವ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ದಾರೂ ಬಿಟ್ಟ ಮುದುಕ ಈಗ ಗರ್ದಕ್ಕೆ ಇಳಿದನೇ? ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಯಲಗೂರಪ್ಪ ಗಡಹಿಂಗ್ಲಜದ ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬಂದದ್ದು ದೀಪಾವಳಿಗೆ. ಅಲ್ಲಿ ಮೊದಮೊದಲು ಅವನ ರಂಪಾಟ ಕಡಿಮೆ ಇರಲಿಲ್ಲ. ಅನ್ನ ನಾರುತ್ತದೆಂದು ತಟ್ಟೆ ಒದ್ದಿದ್ದ, ನೋಡಲು ಹೋದ ಹೆಂಡತಿಯ ಏಳು ತಲೆಮಾರನ್ನು ಜಾಲಾಡಿದ್ದ. ಚಟ ಬಿಡುವವರನ್ನು ಮನೆಯವರು ಹೇಗೆ ತಾಳಿಕೊಳ್ಳಬೇಕು ಎಂದು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಪಾಠ ಮಾಡಿದ್ದರು. ಚೆನ್ನವ್ವ ಅರ್ಧಕ್ಕೇ ಹಲ್ಲು ತಿಕ್ಕಲು ಎದ್ದು ಹೋಗಿದ್ದಳು. ಕೇಂದ್ರದ ಡಾಕ್ಟರು ಅವಳ ಬಾಯಿಗೂ ಬ್ಯಾಟರಿ ಬಿಟ್ಟು ನೋಡಿದಾಗ ರೇಗಿದ್ದಳು: "ಕುಡ್ಯಾಂವ ಅಂವ. ನನ್ನ ಬಾಯಿ ಯಾಕ ನೋಡ್ತೀರಿ?" ಡಾಕ್ಟರು ಯಲಗೂರಪ್ಪನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ್ದರು. ಅವನ ಬಗ್ಗೆಯೇ ಇರಬೇಕು, ಇನ್ಯಾರ ಬಗ್ಗೆ?

ಬಂದ ಮೇಲೆ ಅವನು ಬಾಯಿಗೆ ಬೀಗ ಹಾಕಿಕೊಂಡ. ಮಗ್ಗಕ್ಕೆ ಹೋಗುತ್ತಾನೆ, ಬರುತ್ತಾನೆ, ಸಂತೆ ಮಾಡುತ್ತಾನೆ. ಅವಳು ಹಲ್ಲು ತಿಕ್ಕುವ ಮಿಶ್ರಿಯ ಡಬ್ಬಿಯನ್ನೂ ಕೇಳುವ ಮುಂಚೆಯೇ ತುಂಬಿಸಿಡುತ್ತಾನೆ. ಅತಿ ವಿನಯಂ ಧೂರ್ತ ಲಕ್ಷಣಂ.

ಅವನು ಬಂದಾಗಿನಿಂದ ಅವಳಿಗೆ ಯಾವುದೂ ಸೇರದು. ಅವನು ರೊಟ್ಟಿ ಅಗಿಯುವ ಸದ್ದಿಗೆ ಹೇಸಿಕೆ, ಅವನ ಒದ್ದೆ ಟವೆಲ್ಲಿನ ಕಮಟಿಗೆ ಹೇಸಿಕೆ. ಕಾರ್ಖಾನೆಯಲ್ಲಿ ಕಾಂಡಿಗೆ ನೂಲು ಸುತ್ತುವಾಗ ಕೈ ನಡುಗಿ ಎಳೆ ಹರಿಯುತ್ತದೆ. ತಲೆ ಸಿಡಿಯುತ್ತದೆ. ಚಹ ಗಟಾರದ ನೀರು, ಪಲ್ಯ ಮಣ್ಣು, ಮಿಶ್ರಿಯಲ್ಲೂ ಮೊದಲಿನ ಖದರಿಲ್ಲ. ಖಾರ ತಾಗಿದರೆ ಕೆನ್ನೆಯ ಒಳಗೆಲ್ಲ ಉರಿ. ಒಬ್ಬ ಮನುಷ್ಯ ಒಂದು ಮನೆಯನ್ನು ಎಷ್ಟು ಹೊಲಸು ಮಾಡಬಲ್ಲ ಎಂದು ಅವಳು ದಿನವೂ ಲೆಕ್ಕ ಹಾಕುತ್ತಿದ್ದಳು.

ಪುಡಿಕೆ ಹಿಡಿದು ಹಿತ್ತಿಲಿಗೆ ಬಂದಳು. ಯಲಗೂರಪ್ಪ ಕುಕ್ಕುರುಗಾಲಲ್ಲಿ ಕೂತು ತಗಡಿನ ಮೇಲೆ ಏನನ್ನೋ ಸುಡುತ್ತಿದ್ದ. ಬೆರಳೆಲ್ಲ ಕರಿ. ಅವಳನ್ನು ಕಂಡವನೇ ತಗಡನ್ನು ಹಿಂದೆ ಸರಿಸಿದ.

"ಏನ ಸುಡಾಕತ್ತೀರಿ?"

"ಏನಿಲ್ಲ ಬಿಡ."

"ಇದು ಯಾರಿಗೆ?" ಪುಡಿಕೆಯನ್ನು ಅವನ ಮೂಗಿನ ಮುಂದೆ ಹಿಡಿದಳು.

ಅವನು ಕರಿ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. "ಬೇಕಾದವ್ರಿಗೆ."

ಬೇಕಾದವರಿಗೆ! ಅಂದರೆ ತಾನು ಎಳೆದದ್ದು ಸಾಲದ್ದಕ್ಕೆ ಓಣಿಯವರಿಗೂ ಮಾರುತ್ತಾನೆ. ಚೆನ್ನವ್ವ ಅವನ ಅಂಗಿ, ಧೋತರ ಎಲ್ಲ ಗಂಟು ಕಟ್ಟಿ ಹೊಸ್ತಿಲಾಚೆ ಎಸೆದಳು. "ಸುಳಕೂಡ ಊರಿಗೆ, ನಿಮ್ಮ ತಂಗಿ ಮನಿಗೆ ಹೋಗ್ರಿ. ಈ ಬಾಗಲಾ ನಿಮಗ ಮತ್ತ ತೆಗಿಯಂಗಿಲ್ಲ. ಥೂ!"

"ಬೈ," ಎಂದ ಯಲಗೂರಪ್ಪ. "ಇನ್ನ ಸ್ವಲ್ಪ ದಿನ ಬೈತಿ. ಆಮ್ಯಾಲ ತಾನ ಕಡಿಮಿ ಆಗತೈತಿ."

ಆ ತಾಳ್ಮೆಗೇ ಅವಳ ಮೈ ಉರಿಯಿತು. ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಅವನು ಗಂಟಿನ ಪಕ್ಕ ಮೆಟ್ಟಿಲ ಮೇಲೆ ಕೂತ.

ಕೇಂದ್ರದ ರುಪಾಲಿ ವಾರಕ್ಕೊಮ್ಮೆ ಇಚಲಕರಂಜಿಗೆ ಬಂದು, ಚಟ ಬಿಟ್ಟವರ ಮನೆಮಂದಿಯ ಕಷ್ಟಸುಖ ಕೇಳುತ್ತಿದ್ದಳು. ಅಂದು ಅವಳು ಬರುವ ದಿನ. ಚೆನ್ನವ್ವ ಪುಡಿಕೆಯನ್ನು ಅವಳ ಮೇಜಿನ ಮೇಲೆ ಬಿಚ್ಚಿದಳು. "ನೋಡ್ರಿ ತಾಯಿ, ನಿಮ್ಮ ಶಾಣ್ಯಾ ಪೇಶಂಟ ಮಾಡಿದ ಕೆಲಸ!"

ರುಪಾಲಿ ಮೂಸಿದಳು. ಬೆರಳ ತುದಿಯಲ್ಲಿ ತಿಕ್ಕಿ ನೋಡಿದಳು. ನಕ್ಕಳು.

"ಮಾವಶಿ, ಇದು ಶೇಂಗಾ ಸಿಪ್ಪಿ ಸುಟ್ಟ ಬೂದಿ. ಜರಾ ಲವಂಗ ಕುಟ್ಟಿ ಹಾಕ್ಯಾರ. ನಶಾದ ಹೆಸರ ಇಲ್ಲ ಇದರಾಗ."

"ಹಂಗಾರ ಕದ್ದು ಯಾಕ ಮಾಡ್ತಾನ?"

"ಅದನ್ನ ಅವರನ್ನ ಕೇಳಬೇಕು. ಮೊದಲ ಇದನ್ನ ಹೇಳ್ರಿ. ತಲಿ ಸಿಡಿಯೂದು, ಕೈ ನಡಗೂದು, ಸುಳ್ಳ ಸುಳ್ಳ ಸಿಟ್ಟು, ಉಂಡದ್ದೆಲ್ಲ ಹೊಲಸ ಅನಿಸೂದು, ಹಿಂಗ ಏನಾರ ಆಗಾಕತ್ತೈತೇನು? ಚಟ ಬಿಡಾವ್ರಿಗೆ ಇವೆಲ್ಲ ಆಗತಾವ."

"ಅವಗ ಯಾಕ ಆಗತಾವ? ಗುಂಡಕಲ್ಲಿನಂಗ ಅದಾನ. ಎಲ್ಲಾ ಆಗೂದು ನನಗ!"

ಸಿಟ್ಟು ನೆತ್ತಿಗೇರಿತ್ತು. ಸಿಟ್ಟು ಬಂದಾಗ ಮಾಡುವುದನ್ನೇ ಈಗಲೂ ಮಾಡಿದಳು. ಸೊಂಟದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಬೆರಳಿಗೆ ಮಿಶ್ರಿ ಹಚ್ಚಿಕೊಂಡಳು.

ರುಪಾಲಿಯ ನಗು ಆರಿತು. "ಮಾವಶಿ, ಮಿಶ್ರಿ ಅಂದ್ರ ಸುಟ್ಟ ತಂಬಾಕ ಅಲ್ರಿ?"

"ಅಯ್ಯ, ಹಲ್ಲಿನ ಪುಡಿಗೆ ಯಾರಾರ ಚಟ ಅಂತಾರೇನು?" ಎಂದಳು ಚೆನ್ನವ್ವ.

ಬಾಯಿಗೆ ಹೋಗುತ್ತಿದ್ದ ಬೆರಳು ತುಟಿಯ ಹತ್ತಿರ ನಿಂತಿತು. ಲವಂಗದ ವಾಸನೆ. ಬೆರಳನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಮೇಜಿನ ಮೇಲಿನ ಪುಡಿಕೆಯನ್ನು ನೋಡಿದಳು. ಅದೇ ಬಣ್ಣ, ಅದೇ ನುಣುಪು. ತಂಬಾಕು ಎರಡರಲ್ಲೂ ಇರಲಿಲ್ಲ. ಡಬ್ಬಿ ತುಂಬಿಸುತ್ತಿದ್ದವನು ಅವನೇ.

ಬೇಕಾದವರಿಗೆ ಎಂದಿದ್ದ. ಅವನಿಗೆ ಬೇಕಾದವಳು ಅವನನ್ನು ಹೊರಗೆ ಹಾಕಿ, ಬೀಗ ಜಡಿದು ಬಂದಿದ್ದಳು.